ಬೊರೋಕಾಳ ಕಪ್ಪು ಗೆರೆ

ಬೊರೋಕಾ ತಂದಿದ್ದ ಪೊಗಾಚಾ ಎಂಬ ಉಪ್ಪು ಬನ್ನು ಕೂಡ ಮೆತ್ತಗಿತ್ತು. ಎಮೆಶೆಗೆ ಅದನ್ನೂ ಸಹಿಸಲಾಗಲಿಲ್ಲ. ಹಂಗೇರಿಯ ಸೆಗೆಡ್‌ನ ಆ ಪ್ರಯೋಗಾಲಯದಲ್ಲಿ, ಪಂಚಾಂಗದಲ್ಲಿ ಅಂದು ಯಾರ ಹೆಸರಿನ ಹಬ್ಬವೋ ಅವರು ಮನೆಯಿಂದ ತಿಂಡಿ ಮಾಡಿ ತರಬೇಕು. ಎಮೆಶೆ ತಂದದ್ದು ಸಂಜೆಯವರೆಗೂ ತಟ್ಟೆಯಲ್ಲೇ ಉಳಿಯುತ್ತಿತ್ತು. ಬೊರೋಕಾಳ ತಟ್ಟೆ ಬೆಳಿಗ್ಗೆಯೇ ಖಾಲಿ.

ಪ್ರಯೋಗಾಲಯ ನಡೆಸುತ್ತಿದ್ದ ಮೇಷ್ಟ್ರು ಲೊರಾಂಡ್ ಕೈಗಂಟಿದ ಪುಡಿ ಕೊಡವಿಕೊಂಡು ಹೇಳಿದರು: "ಶುಕ್ರವಾರ ಬೊರೋಕಾ ತನ್ನ ಕೆಲಸ ತೋರಿಸ್ಲಿ. ಕಾಯಂ ಹುದ್ದೆ ಯಾರಿಗೆ ಅಂತ ಆಮೇಲೆ ಹೇಳ್ತೀನಿ."

ಇದ್ದದ್ದು ಒಂದೇ ಹುದ್ದೆ. ಎಮೆಶೆ ಅದಕ್ಕಾಗಿ ವರ್ಷಗಟ್ಟಲೆ ಕಾದವಳು, ಬೊರೋಕಾ ಮೊನ್ನೆ ಮೊನ್ನೆ ಬಂದವಳು. ಇಬ್ಬರೂ ಇಲಿಯ ಮೆದುಳಿನಲ್ಲಿ ಹುಡುಕುತ್ತಿದ್ದದ್ದು ಒಂದೇ ಪ್ರೋಟೀನನ್ನು. ಎಮೆಶೆ ಎಳೆಯ ಇಲಿಗಳಲ್ಲಿ, ಬೊರೋಕಾ ಮುದಿ ಇಲಿಗಳಲ್ಲಿ. ಹುಡುಕಿಕೊಡುವುದು ಆ ಪ್ರೋಟೀನಿಗೆ ಮಾತ್ರ ಅಂಟಬೇಕಾದ ಪ್ರತಿಕಾಯದ ಕೆಲಸ. ಮೆದುಳಿನ ರಸವನ್ನು ತೆಳು ಹಾಳೆಗೆ ಇಳಿಸಿ, ಸಿಕ್ಕಸಿಕ್ಕಲ್ಲಿ ಅಂಟದಿರಲಿ ಎಂದು ಹಾಲಿನ ಪುಡಿಯ ನೀರಿನಲ್ಲಿ ನೆನೆಸಿ, ಪ್ರತಿಕಾಯ ಹಾಕಿ ತೊಳೆದರೆ, ಪ್ರೋಟೀನ್ ಇದ್ದಲ್ಲಿ ಮಾತ್ರ ಕೊನೆಗೆ ಕಪ್ಪು ಗೆರೆ ಮೂಡಬೇಕು. ಬೊರೋಕಾಳ ಗೆರೆ ಕಾಡಿಗೆ ತೀಡಿದಂತಿತ್ತು. ನೋಡಿದವರೆಲ್ಲ ಹೊಗಳಿದರು. ತನ್ನ ಗೆರೆಯೂ ಅಷ್ಟೇ ಕಪ್ಪಗಿದ್ದಾಗ ಒಬ್ಬರೂ ತುಟಿ ಬಿಚ್ಚಿರಲಿಲ್ಲ ಎಂದು ಎಮೆಶೆಯ ಹೊಟ್ಟೆ ಉರಿಯಿತು.

ಬೊರೋಕಾ ಯಾವುದೋ ಅಗ್ಗದ ಪ್ರತಿಕಾಯ ತರಿಸಿರಬೇಕು ಎಂದುಕೊಂಡಳು. ಒಂದೇ ಪ್ರೋಟೀನಿಗೆ ಹತ್ತು ಕಂಪನಿಯವರು ಪ್ರತಿಕಾಯ ಮಾರುತ್ತಾರೆ. ಕೆಲವಂತೂ ಮದುವೆಮನೆಯ ಬಾಯಿಬಡುಕರಂತೆ, ಗುರುತಿಲ್ಲದವರನ್ನೂ ತಬ್ಬಿಕೊಳ್ಳುತ್ತವೆ. ಅದನ್ನು ಹಿಡಿಯಲು ಒಂದೇ ದಾರಿ: ಆ ಪ್ರೋಟೀನೇ ಇಲ್ಲದ ಇಲಿಯ ಮೆದುಳು. ಅಂಥ ಇಲಿಗಳನ್ನು ಸಾಕುತ್ತಿದ್ದ ಡೆಬ್ರೆತ್ಸೆನ್ ಊರಿನ ಗೆಳತಿಯಿಂದ ಗುಟ್ಟಾಗಿ ಮೆದುಳು ತರಿಸಿಕೊಂಡಳು. ಎಲ್ಲರ ಪ್ರತಿಕಾಯದ ಕೊಳವೆಗಳೂ ಇರುವ ಫ್ರೀಜರ್‌ನಿಂದ ಬೊರೋಕಾಳ ಕೊಳವೆಯನ್ನು ಎತ್ತಿಕೊಂಡಳು. ಮುಚ್ಚಳದ ಮೇಲೆ ಅವರವರ ಹೆಸರಿನ ಮೊದಲಕ್ಷರ ಬಿಟ್ಟರೆ ಅಲ್ಲಿ ಯಾರೂ ಏನೂ ಬರೆಯುವುದಿಲ್ಲ.

ಖಾಲಿ ಬರಬೇಕಾದ ಹಾಳೆಯಲ್ಲಿ ಗೆರೆ ಮೂಡಿತು, ಅದೇ ಜಾಗದಲ್ಲಿ, ಅಷ್ಟೇ ಕಪ್ಪಗೆ. ತೊಳೆದದ್ದು ಸಾಲದಾಯಿತೇನೋ ಎಂದು ಮತ್ತೆ ಮಾಡಿದಳು. ಮತ್ತೆ ಮೂಡಿತು. ಅವತ್ತು ಎಮೆಶೆ ಮೀನಿನ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.

ಶುಕ್ರವಾರ ಬೊರೋಕಾ ಮಾತು ಮುಗಿಸಿದ್ದೇ ತಡ, ಎಮೆಶೆ ಎದ್ದು ತನ್ನ ಹಾಳೆಯ ಚಿತ್ರವನ್ನು ಪರದೆಯ ಮೇಲೆ ಹಾಕಿದಳು. "ಈ ಇಲೀಲಿ ಆ ಪ್ರೋಟೀನೇ ಇಲ್ಲ. ಆದ್ರೂ ಬೊರೋಕಾಳ ಪ್ರತಿಕಾಯಕ್ಕೆ ಅದು ಕಾಣುತ್ತೆ. ಪಾಪ, ಅದಕ್ಕೂ ಅವಳನ್ನ ಮೆಚ್ಚಿಸೋ ಆಸೆ."

ಯಾರೋ ನಕ್ಕರು. ಬೊರೋಕಾ ಪರದೆಯ ಹತ್ತಿರ ಹೋಗಿ ಗೆರೆಯನ್ನು ನೋಡಿ ಕೇಳಿದಳು:

"ಪಕ್ಕದಲ್ಲಿ ನಿನ್ನ ಪ್ರತಿಕಾಯ ಹಾಕಿ ನೋಡಿದ್ಯಾ, ಎಮೆಶೆ?"

"ನಂದನ್ನ ಯಾಕೆ ನೋಡ್ಲಿ? ಅದರಿಂದಾನೇ ನನ್ನ ಎರಡು ಪ್ರಬಂಧ ಅಚ್ಚಾಗಿದೆ."

"ನಂದೂ ಅದೇ ಕಣೇ. ನಾನು ಸೇರಿದಾಗ ನೀನು ರಜೆ ಹಾಕಿ ಬಾಲಾಟನ್ ಸರೋವರಕ್ಕೆ ಹೋಗಿದ್ದೆ. ನಿನ್ನ ಸೀಸೆಯಿಂದಾನೇ ಮೇಷ್ಟ್ರು ಸ್ವಲ್ಪ ಕೊಟ್ರು. ಪದೇ ಪದೇ ಕರಗಿಸಿದ್ರೆ ಕೆಡುತ್ತೆ ಅಂತ ಸಣ್ಣ ಕೊಳವೆಗಳಿಗೆ ಹಂಚಿ ನನ್ನ ಅಕ್ಷರ ಬರ್ಕೊಂಡೆ."

ಎಮೆಶೆ ಮೇಷ್ಟ್ರ ಕಡೆ ತಿರುಗಿದಳು. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ಹೌದಮ್ಮ. ನಾನೇ ಕೊಟ್ಟಿದ್ದು. ಹಾಗಾದ್ರೆ ನಿನ್ನ ಎರಡು ಪ್ರಬಂಧಾನೂ ವಾಪಸ್ ತಗೋಬೇಕಾಗುತ್ತೆ. ಹುದ್ದೆ ಮಾತು ಈಗ ಬೇಡ."

ಎಮೆಶೆ ಕೂರಲು ಜಾಗ ಹುಡುಕಿದಳು. ಕುರ್ಚಿಯನ್ನು ಅವಳ ಕಡೆ ಎಳೆದುಕೊಟ್ಟವಳು ಬೊರೋಕಾ. ಆಮೇಲೆ ಸಭೆಯ ಕಡೆ ತಿರುಗಿ ಹೇಳಿದಳು: "ತಪ್ಪು ಇವತ್ತೇ ಸಿಕ್ಕಿದ್ದು ಒಳ್ಳೇದಾಯ್ತು. ಎಮೆಶೆ ಹುಡುಕದೆ ಇದ್ದಿದ್ರೆ ನಾವಿಬ್ರೂ ಇನ್ನೂ ಹತ್ತು ವರ್ಷ ಇಲ್ಲದ್ದನ್ನೇ ನೋಡ್ತಾ ಇರ್ತಿದ್ವಿ."

ಸಭೆ ಅವಳಿಗೆ ಚಪ್ಪಾಳೆ ತಟ್ಟಿತು. ಕುರ್ಚಿಯಲ್ಲಿ ಕುಸಿದಿದ್ದ ಎಮೆಶೆಗೆ ಪ್ರಬಂಧಗಳು ಹೋದದ್ದಕ್ಕಿಂತ ಆ ಚಪ್ಪಾಳೆಯೇ ಹೆಚ್ಚು ಸುಟ್ಟಿತು.