ಪಹರೆಯ ಪಾಳಿ

ಸೈನ್ಯದಿಂದ ನಿವೃತ್ತನಾಗಿ ಬಂದ ಹುಲಗೇಶ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲೆಂದು ಧಾರವಾಡದಲ್ಲಿ ಕಸ್ತೂರೆವ್ವನ ಮನೆಯ ಮಹಡಿ ಕೋಣೆ ಹಿಡಿದಿದ್ದ. ಮಧ್ಯಾಹ್ನ ಊಟವಾದ ಮೇಲೆ ಪುಸ್ತಕ ತೆರೆದರೆ ಸಾಕು, ಕಣ್ಣು ಎಳೆಯುತ್ತಿತ್ತು. ಆಗೆಲ್ಲ ಯಾರೋ ಅವನ ಭುಜವನ್ನು ಮೆಲ್ಲಗೆ ಒತ್ತಿ ಎಬ್ಬಿಸುತ್ತಿದ್ದರು. ತಿರುಗಿ ನೋಡಿದರೆ ಕೋಣೆ ಖಾಲಿ. ಭುಜದ ಮೇಲೆ ಅಂಗಿ ಮಾತ್ರ ಅಂಗೈಯಗಲ ತಣ್ಣಗಿರುತ್ತಿತ್ತು.

ಸೈನ್ಯದಲ್ಲಿದ್ದಾಗ ಗಡಿಯ ಹಿಮದ ಠಾಣೆಯಲ್ಲಿ ಹಾಗೆ ಎಬ್ಬಿಸುತ್ತಿದ್ದವನು ಜೊತೆಗಾರ ಶಂಭುಲಿಂಗ. ಪಹರೆಯ ಪಾಳಿ ಬದಲಾಗುವಾಗ ಹೀಗೇ ಭುಜ ಒತ್ತುತ್ತಿದ್ದ. ಒಂದು ದಿನ ಹುಲಗೇಶನಿಗೆ ಜ್ವರವೆಂದು ಎಬ್ಬಿಸದೆ, ಅವನ ಪಾಳಿಯಲ್ಲೂ ತಾನೇ ಹೋಗಿ ನಿಂತ. ಆಗಲೇ ಹಿಮ ಕುಸಿದು ಅವನನ್ನು ನುಂಗಿಬಿಟ್ಟಿತು.

ಈಗ ಭುಜ ಒತ್ತಿದಂತಾಗುವುದೆಲ್ಲ ಮನಸ್ಸಿನ ಭ್ರಮೆಯೆಂದು ಹುಲಗೇಶ ಮತ್ತೆ ಪುಸ್ತಕ ಹಿಡಿಯುತ್ತಿದ್ದ. ಒಂದು ಮಧ್ಯಾಹ್ನ ಚಹಾ ತಂದ ಕಸ್ತೂರೆವ್ವ ಬಾಗಿಲಲ್ಲೇ ನಿಂತಳು.

“ತಮ್ಮಾ, ನಿನ್ನ ಗೆಳ್ಯಾನ್ನ ಒಳಗ ಕರೀಬಾರದೇನ? ಇಂಥಾ ಬಿಸಲಾಗ ದಪ್ಪನ್ನ ಕೋಟು ಹಾಕ್ಕೊಂಡು ದಿನಾ ಮೆಟ್ಟಲದ ಮ್ಯಾಲ ನಿಂತಿರ್ತಾನ. ಕುಂದರೋ ಯಪ್ಪಾ ಅಂದ್ರೂ ಕುಂದ್ರಂಗಿಲ್ಲ.”

ಹುಲಗೇಶ ಥಟ್ಟನೆ ಪುಸ್ತಕ ಮುಚ್ಚಿದ. ಅವಳು ಕೆಳಗಿಳಿದ ಮೇಲೆ ಬಾಗಿಲಿಗೆ ಬಂದು ನೋಡಿದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸುಡುವ ಕಲ್ಲಿನ ಮೇಲೆ ಒಂದು ಜೋಡಿ ಒದ್ದೆ ಬೂಟಿನ ಗುರುತಿತ್ತು. ಅವನು ನೆಟ್ಟಗೆ ನಿಂತ. ಅಂದು ಹೇಳಲಾಗದೆ ಉಳಿದದ್ದನ್ನು ಹೇಳಿದ.

“ನಾ ಎದ್ದೇನಿ, ಶಂಭು. ಈಗ ನನ್ನ ಪಾಳಿ. ನೀ ಹೋಗಿ ಮಲಕೋ.”

ಅವನು ನೋಡುತ್ತಿದ್ದಂತೆಯೇ ಗುರುತು ಆರಿಹೋಯಿತು. ಹುಲಗೇಶ ಅಲ್ಲೇ ಕುಳಿತು, ಹಿಮ ಕುಸಿದ ದಿನದಿಂದ ಅಳದಿದ್ದವನು, ಬಿಕ್ಕಿಬಿಕ್ಕಿ ಅತ್ತ. ಆ ವರ್ಷವೇ ಪರೀಕ್ಷೆ ಪಾಸಾಗಿ ಪಂಚಾಯಿತಿ ಕಚೇರಿ ಸೇರಿದ.