ಹಿಂದೆ ಹಿಡಿಯುವವರು

ಗಾಜು ಹೊರುವಾಗ ಮುಂದೆ ಹಿಡಿದವರು ಮಾತಾಡುವ ಹಾಗಿಲ್ಲ, ಹಿಂದೆ ತಿರುಗಿ ನೋಡುವ ಹಾಗೂ ಇಲ್ಲ. ಇದು ನಮ್ಮ ಅಂಗಡಿಯ ಕಾನೂನು. ಆಳೆತ್ತರದ ಗಾಜನ್ನು ನೆಟ್ಟಗೆ ನಿಲ್ಲಿಸಿ ಇಬ್ಬರು ಎರಡು ತುದಿ ಹಿಡಿದು ನಡೆದರೆ ಮುಂದಿನವರಿಗೆ ಕಾಣುವುದು ಬರೀ ದಾರಿ. ಗಾಜು ಎತ್ತ ವಾಲುತ್ತಿದೆ, ಅದರ ಮೂಲೆ ಯಾವ ಗೋಡೆಗೆ ತಾಗುತ್ತದೆ ಅನ್ನುವುದು ಕಾಣುವುದು ಹಿಂದಿನವರಿಗೆ ಮಾತ್ರ. ಮುಂದಿನವರು ಕುತ್ತಿಗೆ ತಿರುಗಿಸಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಗಾಜು ತಿರುಚಿಕೊಳ್ಳುತ್ತದೆ, ಆಮೇಲೆ ಪೊರಕೆ ಹುಡುಕಬೇಕಾಗುತ್ತದೆ. ಹಾಗಾಗಿ ಎತ್ತು, ನಡಿ, ನಿಲ್ಲು, ಇಳಿಸು ಅನ್ನುವ ಮಾತೆಲ್ಲ ಹಿಂದಿನಿಂದಲೇ ಬರಬೇಕು.

ಕಾನೂನು ಮಾಡಿದವರು ನಮ್ಮ ಯಜಮಾನರು. ಮಾಡಿದವರೇ ಸದಾ ಹಿಂದೆ ಹಿಡಿಯುತ್ತಿದ್ದರು ಅನ್ನುವುದನ್ನೂ ಹೇಳಬೇಕು. ಊಟದ ಎಲೆ ಮುಂದೆಯೂ ಬಾಯಿ ಮುಚ್ಚದ ಮನುಷ್ಯ. ಮುಂದೆ ಹಿಡಿಯುವವರು ಒಂದೋ ನಾನು, ಇಲ್ಲ ನನ್ನ ಮೈದುನ. ಮೈದುನ ಹುಟ್ಟಿನಿಂದಲೇ ಮಾತಿಗೆ ಲೆಕ್ಕ ಇಟ್ಟವನು. ನೆಂಟರೆಲ್ಲ ಅವನನ್ನು ಮೌನಿಬಾಬಾ ಎಂದೇ ಕರೆಯುತ್ತಾರೆ. ನಾನು ಮಾತು ಬರುವವಳೇ. ಆದರೆ ಗಂಡ ಮಾತಾಡುತ್ತಿದ್ದರೆ ಎಡೆ ಸಿಗಬೇಕಲ್ಲ. ಇಷ್ಟು ವರ್ಷ ಬೆನ್ನ ಹಿಂದಿನಿಂದ ಬರುತ್ತಿದ್ದ ದನಿಯನ್ನು ನಂಬಿ ಮೆಟ್ಟಿಲು ಹತ್ತಿದ್ದೇನೆ, ಇಳಿದಿದ್ದೇನೆ, ಕಣ್ಣು ಮುಚ್ಚಿಕೊಂಡೇ ನಡೆದಿದ್ದೇನೆ ಅಂದರೂ ಸುಳ್ಳಲ್ಲ.

ಚಳಿ ಶುರುವಾಗುವ ಮುಂಚೆ, ಒಂದು ಮಧ್ಯಾಹ್ನ, ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ಅವರು ಹೊರಟುಹೋದರು. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡು ಎಬ್ಬಿಸಲು ಹೋದವಳು ನಾನೇ. ಚಹಾ ಆರಿತ್ತು.

ನನಗೆ ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡಿದರು. ಗಟ್ಟಿಗಿತ್ತಿ ಅಂದರು ಕೆಲವರು, ಕಲ್ಲು ಅಂದರು ಉಳಿದವರು, ಅದೂ ನನ್ನ ಕಿವಿಗೆ ಬೀಳುವಷ್ಟು ಜೋರಾಗಿ. ಬೇಜಾರಾಗಲಿಲ್ಲ. ಬೇಜಾರಾಗಲಿಕ್ಕೂ ಒಳಗೆ ಏನಾದರೂ ಇರಬೇಕು. ನಾನು ಸಮಯಕ್ಕೆ ಏಳುತ್ತಿದ್ದೆ, ಸ್ನಾನ ಮಾಡುತ್ತಿದ್ದೆ, ಅನ್ನ ಬೇಯಿಸುತ್ತಿದ್ದೆ. ಉಪ್ಪು ಹಾಕಿದ್ದೇನೋ ಇಲ್ಲವೋ ಅನ್ನುವುದು ತಿಂದರೂ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ತಲೆ ಆಡಿಸುತ್ತಿದ್ದೆ, ಅಷ್ಟರಲ್ಲೇ ದಿನ ಕಳೆಯುತ್ತಿತ್ತು.

ಅಕ್ಕ ಫೋನ್ ಮಾಡಿ, ಬಂದು ನನ್ನ ಜೊತೆ ಇರು, ಮೇಲಿನ ಕೋಣೆ ಖಾಲಿ ಬಿದ್ದಿದೆ, ಅಂಗಡಿಯನ್ನು ಮೈದುನನಿಗೆ ಬಿಟ್ಟು ಕೈ ತೊಳೆದುಕೋ ಎಂದಳು. ಹೂಂ ಅಂದೆ. ಯಾರು ಏನು ಕೇಳಿದ್ದರೂ ಆಗ ಹೂಂ ಅನ್ನುತ್ತಿದ್ದೆ. ಆದರೆ ಗಾಜಿನ ಕೆಲಸ ಒಬ್ಬರಿಂದ ಆಗುವುದಲ್ಲ. ನಾನು ಹೋದರೆ ಅಂಗಡಿ ಮುಚ್ಚಿದ ಹಾಗೆಯೇ, ಮೈದುನ ಯಾವುದಾದರೂ ಕಾರ್ಖಾನೆಯ ಬಾಗಿಲು ಕಾಯಬೇಕಾಗುತ್ತದೆ. ಇದನ್ನು ಅವನಿಗೆ ಹೇಳಬೇಕಾದವಳು ನಾನು. ನಾಳೆ ಹೇಳಿದರಾಯಿತು ಎಂದು ದಿನ ತಳ್ಳುತ್ತಿದ್ದೆ.

ಅಷ್ಟರಲ್ಲಿ ಚಳಿಗಾಲ ಕಳೆದು ದಾರಿ ತೆರೆಯಿತು, ಕಣಿವೆಯ ಆಚೆಯ ವಸತಿಗೃಹದಾಕೆ ಹೇಳಿ ಕಳಿಸಿದಳು. ಬಿರುಗಾಳಿಗೆ ಅವಳ ದೊಡ್ಡ ಕಿಟಕಿಯ ಗಾಜು ಒಡೆದಿತ್ತು. ನಮ್ಮ ಯಜಮಾನರೇ ಅಲ್ಲಿಗೆ ಹೋಗಿ ಅಳತೆ ತಂದು, ಗಾಜು ಕತ್ತರಿಸಿ, ಅಂಚು ಉಜ್ಜಿ ಗೋಡೆಗೆ ಒರಗಿಸಿದ್ದರು. ಕಿಟಕಿಗೆ ಹಲಗೆ ಬಡಿದು ಎಷ್ಟು ದಿನ ಇರಲಿ, ಬಂದವರು ಕತ್ತಲೆ ನೋಡಲು ದುಡ್ಡು ಕೊಡುತ್ತಾರೆಯೇ ಎಂದು ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಇದೊಂದು ಕೆಲಸ ಮುಗಿಸಿ, ಬರುವ ದಾರಿಯಲ್ಲಿ ಮೈದುನನಿಗೆ ಹೇಳಿಬಿಡುವುದು ಎಂದು ತೀರ್ಮಾನಿಸಿದೆ.

ವ್ಯಾನಿನ ಓರೆ ಚೌಕಟ್ಟಿಗೆ ಕಂಬಳಿ ಹೊದಿಸಿ ಗಾಜನ್ನು ಕಟ್ಟಿದೆವು. ಅಂಗಡಿಯಿಂದ ಹೊರಗೆ ತರುವಾಗ ಪಕ್ಕದ ಬೀಗದಂಗಡಿಯವನು ಬಂದು ಹಿಂದೆ ಹಿಡಿದ, ಹಾಗಾಗಿ ಅಲ್ಲಿ ಏನೂ ತೊಂದರೆಯಾಗಲಿಲ್ಲ.

ಬೆಳಗಿನಿಂದ ಮಧ್ಯಾಹ್ನದವರೆಗೆ ದಾರಿ ಏರುತ್ತಲೇ ಹೋಯಿತು. ಮರಗಳು ಮುಗಿದವು, ಆಮೇಲೆ ಪೊದೆಗಳು ಮುಗಿದವು, ಕೊನೆಗೆ ಬೂದು ಕಲ್ಲಿನ ಬಯಲು, ನಡುವೆ ಒಣಗಿದ ಕೆರೆಯ ಬಿಳಿ ಹಾಸು, ಆಚೆ ಹೆಸರೇ ಇಲ್ಲದ ಬೆಟ್ಟಗಳು. ಜನ ಊರೂರಿಂದ ದುಡ್ಡು ಸುರಿದು ಬಂದು ನೋಡುವ ಜಾಗ. ನಾನು ಗೋಡೆ ನೋಡಿದ ಹಾಗೆ ನೋಡಿದೆ. ಮೈದುನ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು, ಅದೂ ಚಕ್ರದ ಗಾಳಿಯ ಬಗ್ಗೆ.

ಬಯಲಿನ ಅಂಚಿಗೆ ಬಂದಾಗ ದಾರಿ ಇರಲಿಲ್ಲ. ಮೇಲೆಲ್ಲೋ ಹಿಮ ಕರಗಿ ನೀರು ನುಗ್ಗಿ ಹಳ್ಳದ ಮೇಲಿನ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಈಗ ಹಳ್ಳದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು, ಆದರೆ ವ್ಯಾನ್ ಇಳಿಸಲಾಗದ ಬಂಡೆಗಳು. ಬಯಲಿನ ಆಚೆ ತುದಿಯಲ್ಲಿ ವಸತಿಗೃಹದ ಚಾವಣಿ ಕಾಣುತ್ತಿತ್ತು. ಮೈದುನ ಇಳಿದು ನೋಡಿ ಬಂದು, ವಾಪಸ್ ಹೋಗೋಣ, ಸೇತುವೆ ಸರಿಯಾದ ಮೇಲೆ ಬರೋಣ ಅಂದ. ಬುದ್ಧಿ ಇರುವ ಯಾರಾದರೂ ಅದನ್ನೇ ಅನ್ನುತ್ತಿದ್ದರು.

"ಹೊತ್ಕೊಂಡೇ ಹೋಗೋಣ," ಅಂದೆ.

ಇದನ್ನು ಧೈರ್ಯ ಅಂತ ಯಾರೂ ತಿಳಿಯಬೇಡಿ. ಇನ್ನೊಮ್ಮೆ ಇಷ್ಟು ದೂರ ಬರಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಗಾಜು ಒಡೆದರೂ ಸರಿ, ನಾವು ಬಿದ್ದರೂ ಸರಿ, ಮುಗಿದರೆ ಸಾಕಿತ್ತು. ಸೇತುವೆ ಇದ್ದ ಜಾಗದಲ್ಲಿ ಸೇತುವೆ ಇಲ್ಲ. ಗಂಡ ಇದ್ದ ಜಾಗದಲ್ಲಿ ಗಂಡ ಇಲ್ಲ. ಆಶ್ಚರ್ಯಪಡುವುದನ್ನು ನಾನು ಬಿಟ್ಟು ಬಹಳ ದಿನವಾಗಿತ್ತು.

ಗಾಜಿನ ಕೆಳಗೆ ಪಟ್ಟಿ ಹಾಕಿ, ಕೈಗವಸು ತೊಟ್ಟು ಎತ್ತಲು ಬಗ್ಗಿದಾಗ ನೋಡುತ್ತೇನೆ, ನಾನೂ ಅವನೂ ಒಂದೇ ತುದಿಯಲ್ಲಿ ನಿಂತಿದ್ದೇವೆ. ಹಿಂದಿನ ತುದಿ ಖಾಲಿ. ಬೇರೆ ಹೊತ್ತಿನಲ್ಲಾದರೆ ನಗುತ್ತಿದ್ದೆವೇನೋ. ಅವನು ಕೈಗವಸು ನೋಡಿಕೊಂಡ, ನಾನು ಬೆಟ್ಟ ನೋಡಿದೆ. ಕೊನೆಗೆ, ನೀರಿಗೆ ಮೊದಲು ಗಂಡಸು ಇಳಿಯಲಿ ಎಂದು ನಾನು ಹಿಂದಕ್ಕೆ ಹೋದೆ. ಹೋದೆ, ಹಿಡಿದೆ. ಅವನು ಬೆನ್ನು ಮಾಡಿ ನಿಂತ. ಎತ್ತು ಅನ್ನುವ ಮಾತಿಗೆ ಕಾಯುತ್ತಿದ್ದಾನೆ ಎಂದು ಗೊತ್ತಿತ್ತು. ನನ್ನ ಬಾಯಿ ತೆರೆಯಲಿಲ್ಲ. ಗಾಜನ್ನು ಸ್ವಲ್ಪ ಮೇಲಕ್ಕೆ ಎಳೆದೆ, ಅವನು ಅರ್ಥ ಮಾಡಿಕೊಂಡು ಎತ್ತಿದ.

ಹಳ್ಳ ದಾಟಿದೆವು. ಅವನು ಎಡವಿದ, ನಾನು ಹೇಳಲಿಲ್ಲ. ಅವನ ಕಾಲ ಬುಡದಲ್ಲಿದ್ದ ಗುಂಡಿ ಗಾಜಿನ ಮೂಲಕ ನನಗೆ ಚೆನ್ನಾಗಿ ಕಾಣುತ್ತಿತ್ತು, ಆಗಲೂ ಹೇಳಲಿಲ್ಲ. ಹೇಳಬಾರದು ಅಂತಲ್ಲ. ಹಿಂದಿನಿಂದ ಯಾರೋ ಹೇಳುತ್ತಾರೆ ಎಂದು ನಾನೂ ಕಾಯುತ್ತಿದ್ದೆ. ಹಿಂದೆ ನಿಂತವಳು ನಾನೇ ಅನ್ನುವುದು ತಲೆಗೆ ಹೋಗಿತ್ತು, ಮೈಗೆ ಹೋಗಿರಲಿಲ್ಲ.

ಬಯಲಿನ ನಡುವೆ ಬಂದಾಗ ಗಾಳಿ ಎದ್ದಿತು. ಅವನು ನಿಂತ, ನಾನೂ ನಿಂತೆ. ಇಳಿಸು ಎಂದು ಯಾರೂ ಅನ್ನದೆ ಇಳಿಸುವುದು ಹೇಗೆ? ಒಬ್ಬರು ಮುಂಚೆ ಬಗ್ಗಿದರೆ ಮೂಲೆ ಕಲ್ಲಿಗೆ ಹೊಡೆದು ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಗಾಜು ಯಾರ ಕುತ್ತಿಗೆ ಮೇಲೆ ಬೀಳುತ್ತದೋ ಹೇಳಲಾಗದು. ಹಾಗಾಗಿ ಸುತ್ತಲೂ ನರಪಿಳ್ಳೆ ಇಲ್ಲದ ಆ ಬಯಲಿನಲ್ಲಿ ನಾವಿಬ್ಬರು ಕಿಟಕಿಯೊಂದನ್ನು ಎತ್ತಿಕೊಂಡು, ಸತ್ತವರ ಅಪ್ಪಣೆಗೆ ಕಾಯುತ್ತಾ ನಿಂತೆವು. ತೋಳಿನ ಮೇಲೆ ಭಾರ ಏರುತ್ತಾ ಹೋಯಿತು.

ಆಗ ಒಣಕೆರೆಯ ಕಡೆಯಿಂದ ಕಾಡುಕತ್ತೆಗಳು ಬಂದವು. ಒಂದು ಹಿಂಡು, ಮಣ್ಣಿನ ಬಣ್ಣದವು, ಹಳ್ಳಕ್ಕೆ ನೀರು ಕುಡಿಯಲು ಹೊರಟಿರಬೇಕು. ನಮ್ಮನ್ನು ಕಂಡು ನಿಂತವು. ನಾವು ಅಲುಗಾಡಲಿಲ್ಲವಾದ್ದರಿಂದ ಹತ್ತಿರ ಬಂದವು. ಅವುಗಳಲ್ಲಿ ದೊಡ್ಡದೊಂದು ಗಾಜಿನ ಆ ಬದಿಗೆ ಬಂದು ನಿಂತು ಕಿವಿ ನಿಮಿರಿಸಿತು. ಗಾಜಿನೊಳಗೆ ಇನ್ನೊಂದು ಕತ್ತೆ ಕಂಡಿರಬೇಕು. ಮೂಗು ತಂದು ಒತ್ತಿತು. ಅದರ ಉಸಿರಿಗೆ ಗಾಜು ಮಂಜಾಯಿತು, ಮಂಜು ಕರಗಿತು, ಮತ್ತೆ ಮಂಜಾಯಿತು. ಅದರ ಕಣ್ಣು, ರೆಪ್ಪೆಗೆ ಮೆತ್ತಿದ ಬಿಳಿ ಧೂಳು, ಎಲ್ಲ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ. ಎಷ್ಟೋ ದಿನಗಳಿಂದ ನಾನು ಏನನ್ನೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಮೈದುನನಿಗೆ ಏನೂ ಕಾಣುತ್ತಿರಲಿಲ್ಲ. ಗಾಜು ನಡುಗಿದ್ದು ಮಾತ್ರ ಕೈಗೆ ತಿಳಿದಿತ್ತು. ಕತ್ತೆ ಬೆದರಿ ಒಂದು ಒದೆ ಕೊಟ್ಟರೆ ಸಾಕು, ಚೂರುಗಳೆಲ್ಲ ಅವನ ಕುತ್ತಿಗೆಗೆ. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

"ಅತ್ತಿಗೆ," ಅಂದ, ತಿರುಗದೆ. "ಹಿಂದೆ ಏನಿದೆ? ಏನಾದ್ರೂ ಹೇಳಿ."

ಮುಂದೆ ಹಿಡಿದವನು ಕಾನೂನು ಮುರಿದು ಮಾತಾಡಿದ್ದ. ಅದೂ ಮೌನಿಬಾಬಾ. ಆಗ ನನಗೆ ಜೀವ ಬಾಯಿಗೆ ಬಂದಿತು. ಈ ಹುಡುಗನ ಜೀವ ನನ್ನ ಬಾಯಲ್ಲಿದೆ, ನಾನು ತುಟಿ ಹೊಲಿದುಕೊಂಡು ನಿಂತಿದ್ದೇನೆ.

"ಏನಿಲ್ಲ. ಕತ್ತೆ," ಅಂದೆ. ದನಿ ತುಕ್ಕು ಹಿಡಿದಿತ್ತು. "ನಿಂತಿರು. ಉಸಿರು ಬಿಡು. ನೋಡ್ತಾ ಇದೆ ಅಷ್ಟೇ."

ಕತ್ತೆ ಕಿವಿ ತಿರುಗಿಸಿತು.

"ಈಗ ಎಡಕ್ಕೆ ಒಂದು ಹೆಜ್ಜೆ. ಮೆಲ್ಲಗೆ. ಅವಸರ ಏನಿಲ್ಲ ಮಹಾರಾಯ, ಗಾಜಿಗೇನು ರೈಲು ಹಿಡಿಯೋದಿದ್ಯಾ?"

ಕೊನೆಯ ಮಾತು ನನ್ನದಲ್ಲ. ಅವರದು, ಇಷ್ಟು ವರ್ಷ ನನ್ನ ಬೆನ್ನಿಗೆ ಬಿದ್ದದ್ದು, ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿದ್ದ ಮಾತು. ಅದು ತಾನಾಗಿಯೇ ಬಂತು. ಮೈದುನ ಎಡಕ್ಕೆ ಹೆಜ್ಜೆ ಇಟ್ಟ, ಗಾಜಿನ ಅಂಚು ಗಾಳಿಗೆ ಎದುರಾಗಿ ಅದನ್ನು ಸೀಳಿತು, ತೋಳಿನ ಭಾರ ಅರ್ಧ ಇಳಿಯಿತು. ಕತ್ತೆ ಒಂದು ಸಲ ಸೀನಿ ಹಿಂದೆ ಸರಿಯಿತು, ಹಿಂಡು ಅದರ ಹಿಂದೆಯೇ ಹಳ್ಳದತ್ತ ಹೋಯಿತು. ಮೈದುನನ ಭುಜ ಕುಲುಕುತ್ತಿದ್ದದ್ದು ಗಾಜಿನ ಮೂಲಕ ಕಂಡಿತು. ಅಳುತ್ತಿದ್ದ. ನಾನು ನೋಡದ ಹಾಗೆ ಇದ್ದು, ಇಳಿಸು ಅಂದೆ. ಇಳಿಸಿದೆವು. ಸುಧಾರಿಸಿಕೊಂಡ ಮೇಲೆ ಎತ್ತು ಅಂದೆ.

ಅಲ್ಲಿಂದ ಮುಂದೆ ನಾನು ಬಾಯಿ ಮುಚ್ಚಲಿಲ್ಲ. ಬಲಕ್ಕೆ ಕಲ್ಲಿದೆ, ಮುಂದೆ ಮರಳು, ಗಾಳಿ ಬರ್ತಿದೆ, ಬಗ್ಗು, ಈಗ ನಡಿ. ಹೇಳಬೇಕಾದರೆ ನೋಡಬೇಕು. ನೋಡಿದಾಗ ತಿಳಿಯಿತು, ಆ ಬೂದು ಬಯಲು ಬರೀ ಬೂದು ಅಲ್ಲ. ಕಲ್ಲುಗಳ ಸಂದಿನಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಹೂಗಳಿದ್ದವು. ಚೆನ್ನಾಗಿವೆ ಅಂತ ಅನ್ನಿಸಲಿಲ್ಲ. ಇವೆ ಅಂತ ಕಂಡಿತು.

ವಸತಿಗೃಹದಾಕೆ ನಮ್ಮನ್ನು ನೋಡಿ ತಲೆ ಮೇಲೆ ಕೈ ಹೊತ್ತುಕೊಂಡಳು. ಸೇತುವೆ ಹೋದದ್ದು ಅವಳಿಗೆ ಗೊತ್ತಿತ್ತಂತೆ, ಯಾರೂ ಬರುವುದಿಲ್ಲ ಎಂದುಕೊಂಡಿದ್ದಳಂತೆ. ಗಾಜು ಚೌಕಟ್ಟಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅಳತೆಯಲ್ಲಿ ನಮ್ಮ ಯಜಮಾನರು ತಪ್ಪಿದವರಲ್ಲ. ಅವಳು ಬಿಸಿ ಸಾರು ಕೊಟ್ಟಳು. ಉಪ್ಪು ಹೆಚ್ಚಾಗಿತ್ತು. ಹೆಚ್ಚಾಗಿದೆ ಎಂದು ನನಗೆ ಗೊತ್ತಾಯಿತು.

ಹೊತ್ತು ಇಳಿಯುವ ಮುಂಚೆ ವ್ಯಾನಿಗೆ ಮರಳಬೇಕಿತ್ತು. ಬರಿಗೈಯಲ್ಲಿ ಹೊರಟೆವು. ಮೈದುನ ರೂಢಿಯಂತೆ ಮುಂದೆ, ನಾನು ಹಿಂದೆ, ಇಬ್ಬರ ನಡುವೆ ಒಂದು ಗಾಜಿನಷ್ಟು ಜಾಗ. ಹೇಳಬೇಕಾದದ್ದನ್ನು ಈಗ ಹೇಳದಿದ್ದರೆ ಇನ್ನು ಹೇಳುವವಳಲ್ಲ ಅನ್ನಿಸಿತು.

"ನಿಲ್ಲು," ಅಂದೆ.

ನಿಂತ. ತಿರುಗಲಿಲ್ಲ.

"ನಾನು ಅಕ್ಕನ ಮನೆಗೆ ಹೋಗಿಬಿಡ್ಬೇಕು ಅಂತಿದ್ದೆ."

"ಗೊತ್ತು ಅತ್ತಿಗೆ. ಅವರು ನಂಗೂ ಫೋನ್ ಮಾಡಿದ್ರು."

"ಮತ್ತೆ ಯಾಕೆ ಒಂದು ಮಾತು ಕೇಳ್ಲಿಲ್ಲ?"

"ಮುಂದೆ ಇರೋನು ಮಾತಾಡೋ ಹಾಗಿಲ್ಲವಲ್ಲ," ಅಂದ.

ಅಷ್ಟು ದಿನವೂ ಅವನು ಹಾಗೆಯೇ ನಿಂತಿದ್ದ. ಅಂಗಡಿಯ ಬಾಗಿಲು ತೆಗೆದು, ನೆಲ ಗುಡಿಸಿ, ನನಗೆ ಬೆನ್ನು ಮಾಡಿ, ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದ. ಅವನಿಗೂ ಯಾರೂ ಏನೂ ಹೇಳಿರಲಿಲ್ಲ. ಸಾವಿನ ದಿನ ನೆಂಟರೆಲ್ಲ ನನ್ನ ಮುಖ ನೋಡುವುದರಲ್ಲಿದ್ದರು. ಅವನನ್ನು ಚಹಾ ತರಲು ಕಳಿಸಿದ್ದರು.

"ನಿಮ್ಮಣ್ಣ ಹೋಗ್ಬಿಟ್ರು ಕಣೋ," ಅಂದೆ. ಕಲ್ಲಿದೆ, ಗುಂಡಿ ಇದೆ ಎಂದ ದನಿಯಲ್ಲೇ ಅಂದೆ. ಆ ಮಾತನ್ನು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ, ಎಲ್ಲರೂ ನನಗೆ ಹೇಳಿದ್ದರು. ಹೇಳಿದ ಮೇಲೆ ನನಗೂ ಕೇಳಿಸಿತು, ಪಕ್ಕದ ಬಂಡೆಯ ಮೇಲೆ ಕೂತೆ. ಅಳು ಬಂತು. ಹೆಚ್ಚೇನಲ್ಲ, ಸ್ವಲ್ಪವೇ.

ಅವನು ತಿರುಗದೆ ನಿಂತೇ ಇದ್ದ. ನಾನು ಮುಖ ಒರೆಸಿಕೊಂಡು ಎದ್ದೆ.

"ನಾಳೆ ಬೇಗ ಬಾಗಿಲು ತೆಗಿ," ಅಂದೆ. "ನಾನೂ ಬರ್ತೀನಿ. ಈಗ ನಡಿ."

ಅವನು ನಡೆದ.