ಹರವಿಗೆ ನೀರು ತುಂಬಿದವರು

ಹುಮನಾಬಾದಿನ ಕಡೆ ಹೋಗುವ ಬಸ್ಸು ಕಮಲಾಪುರದಲ್ಲಿ ನಿಂತಿತೋ ಇಲ್ಲವೋ, ಕಿಟಕಿಗಳಿಂದ ಕೈಗಳು ಹೊರಬಂದವು. ಅಂಬಿಕಾ ಎರಡೂ ಕೈಯಲ್ಲಿ ತಣ್ಣಗಿನ ನೀರಿನ ಪಾಕೀಟು ಹಿಡಿದು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಓಡಿದಳು. ಏಪ್ರಿಲ್ ತಿಂಗಳ ಭಾನುವಾರ, ಹೊತ್ತು ಹನ್ನೆರಡು ದಾಟಿತ್ತು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

“ಇಲ್ಲೊಂದ್ ಕೊಡವ್ವಾ.”

“ಕೂಸಿಗೆ ಇನ್ನೊಂದ್ ಕೊಡು ತಾಯಿ, ಪುಣ್ಯ ಬರ್ತದ.”

ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಉಗಿದು, ಎರಡು ಗುಟುಕಿಗೆ ಮುಗಿಸಿ, ಖಾಲಿ ಚೀಲವನ್ನು ಕಿಟಕಿಯಿಂದಲೇ ಕೆಳಗೆ ಬಿಡುತ್ತಿದ್ದರು. ಬಸ್ಸು ಹೋದ ಮೇಲೆ ನೆಲದ ತುಂಬ ಬಿಳಿ ಪಾಕೀಟುಗಳು ಬಿಸಿಗಾಳಿಗೆ ಹೊರಳಾಡಿದವು.

ನಿಲ್ದಾಣದ ಎದುರಿಗೆ ಅವಳ ತಂದೆ ಮಲ್ಲಣ್ಣನ ಕಿರಾಣಿ ಅಂಗಡಿ. ಅದರ ಮುಂದಿನ ಚಪ್ಪರಕ್ಕೆ ಒಂದು ಫಲಕ: ‘ಲಿಂಗೈಕ್ಯ ಮಹಾದೇವಪ್ಪನವರ ಸ್ಮರಣಾರ್ಥ ಅರವಟಿಗೆ’. ಮಹಾದೇವಪ್ಪ ಅಂಬಿಕಾಳ ಅಜ್ಜ, ಅವಳ ಮಾತಿನಲ್ಲಿ ಮುತ್ಯಾ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಸೇವೆಯನ್ನು ಅವರು ಹಿಡಿದದ್ದು, ಮಗ ಒಂದು ವರ್ಷವೂ ಬಿಟ್ಟಿರಲಿಲ್ಲ. ಸಂಜೆಯಾದರೆ ಮಲ್ಲಣ್ಣ ತಾನೇ ಪೊರಕೆ ಹಿಡಿದು ಪಾಕೀಟುಗಳನ್ನೆಲ್ಲ ಗುಡಿಸಿ, ಚರಂಡಿಯ ಪಕ್ಕ ರಾಶಿ ಹಾಕಿ ಕಡ್ಡಿ ಗೀರುತ್ತಿದ್ದ. ಅವನಿಗೆ ಅದೂ ಸೇವೆಯೇ. ಹೊಗೆ ಕಪ್ಪಗೆ, ದಪ್ಪಗೆ ಎದ್ದು ಚಪ್ಪರದ ಮೇಲೆ ಹಾಯ್ದು ಹೋಗುತ್ತಿತ್ತು. ಇಷ್ಟು ದಿನ ಆ ಹೊಗೆಯನ್ನು ಕಂಡೂ ಕಾಣದಂತಿದ್ದ ಅಂಬಿಕಾಳಿಗೆ ಎರಡು ದಿನಗಳಿಂದ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ.

ಶುಕ್ರವಾರ ಕಲಬುರಗಿಯ ಕಾಲೇಜಿನಲ್ಲಿ ರಾಜೇಶ್ರೀ ಮೇಡಂ ಪಾಠ ಮುಗಿಸಿ ಪುಸ್ತಕ ಮುಚ್ಚಿದ್ದರು. “ಭೂಮಿ ಕಾವು ಏರೋದನ್ನ ನೀವೊಬ್ಬರೇ ನಿಲ್ಲಸ್ಲಿಕ್ಕೆ ಆಗಂಗಿಲ್ಲ. ಖರೆ, ಅದರಾಗ ನಿಮ್ಮ ಪಾಲು ಎಷ್ಟದ ಅಂತರ ನೋಡ್ಕೋರಿ. ಒಂದು ತಿಂಗಳು ಏನು ಬದಲು ಮಾಡ್ತೀರಿ, ಒಂದೇ ಕೆಲಸ ಬರದು ಕೊಡ್ರಿ. ಈಗಾಗಲೇ ಮಾಡಾಕತ್ತಿದ್ದನ್ನ ಬರದು ನನಗ ಮೋಸ ಮಾಡಬ್ಯಾಡ್ರಿ,” ಎಂದಿದ್ದರು. ಕೋಟೆಯ ಹತ್ತಿರದಿಂದ ಬರುವ ಮದಿಹಾ ಆಟೋ ಬಿಟ್ಟು ನಡೆದು ಬರುತ್ತೇನೆಂದು ಬರೆದಳು. ಶರಣಸಿರಸಗಿಯ ರೇವಣ ಬೈಕು ಬಿಟ್ಟು ಬಸ್ಸಿಗೆ ಬರುತ್ತೇನೆಂದು ಬರೆದವನು, ಬರೆದ ಮೇಲೆ ಬಹಳ ಹೊತ್ತು ಪೆನ್ನು ಕಚ್ಚುತ್ತ ಕುಳಿತ. ಅಂಬಿಕಾ ಬರೆದದ್ದು, ‘ಹೊರಗೆ ನೀರಿನ ಬಾಟಲಿ ಕೊಳ್ಳುವುದಿಲ್ಲ, ಮನೆಯಿಂದಲೇ ಒಯ್ಯುತ್ತೇನೆ’.

ಮದಿಹಾ ಅದನ್ನು ಓದಿ ಕಿವಿಯ ಹತ್ತಿರ ಬಂದಳು. “ಅರೇ, ನೀ ಒಂದ್ ಬಾಟ್ಲಿ ಉಳಸ್ತಿ. ನಿಮ್ಮ ಅಪ್ಪಾ ದಿನಾ ಗೋಣಿಗಟ್ಲೆ ಪಾಕೀಟು ಹಂಚಿ ಸಂಜಿಗೆ ಬೆಂಕಿ ಹಚ್ತಾರ ಅಂತ ನೀನೇ ಹೇಳಿದ್ದಿ. ನಿನ್ನ ಬಾಟ್ಲಿ ಆ ಹೊಗಿಯಾಗೇ ಹಾರಿ ಹೋಗ್ತದ ನೋಡು.”

ಅಂಬಿಕಾ ನಕ್ಕಿದ್ದಳು. ನಗು ಬಸ್ಸು ಹತ್ತುವವರೆಗೂ ಉಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳು ಮಾತು ತೆಗೆದಳು. “ಅಪ್ಪಾ, ನಾಳಿಂದ ಪಾಕೀಟು ಬ್ಯಾಡ. ಮುತ್ಯಾನ ಮಣ್ಣಿನ ಹರವಿ ಅಟ್ಟದ ಮ್ಯಾಲೇ ಅವ. ಅವನ್ನೇ ಇಡೂಣು.”

ರೊಟ್ಟಿ ಮುರಿಯುತ್ತಿದ್ದ ಮಲ್ಲಣ್ಣನ ಕೈ ನಿಂತಿತು. “ಹರವಿ ಬ್ಯಾಡ.”

“ಯಾಕ?”

“ಕರೋನಾ ಬಂದ್ ಹೋದ ಮ್ಯಾಲ ಒಬ್ಬರ ಗಿಲಾಸಿನಾಗ ಇನ್ನೊಬ್ಬರು ಕುಡಿಯಂಗಿಲ್ಲ. ಬಸ್ಸು ನಿಲ್ಲೋದು ಐದು ನಿಮಿಷ. ನೀರಡಿಸಿದವಗ ಮೊದಲ ನೀರು ಕೊಡಬೇಕು, ಭೂಮಿದು ಆಮ್ಯಾಲ ನೋಡಬೇಕು.”

“ಬಿಸಲು ಹೆಚ್ಚಾದಂಗ ನೀರಡಿಕಿನೂ ಹೆಚ್ಚಾಗ್ತದಲ್ಲಪ್ಪಾ. ಪಾಕೀಟು ಆಗೋದು ಭೂಮಿಯಿಂದ ತೆಗದ ಎಣ್ಣಿಯಿಂದೇ. ಅದನ್ನ ತರಾಕ ಗಾಡಿ, ತಂಪಿಡಾಕ ಐಸು, ಕಡೀಕ ಸುಡೋದು. ನೀರು ಕೊಡೋ ನೆಪದಾಗ ನಾವೇ ಬಿಸಲು ಹೆಚ್ಚು ಮಾಡಾಕತ್ತೀವಿ.”

“ಕಾಲೇಜಿನಾಗ ಇದೇ ಕಲಸ್ತಾರೇನು, ಹೆತ್ತವರಿಗೆ ಬುದ್ಧಿ ಹೇಳೋದು?”

ಬಾಗಿಲ ಬಳಿ ಕುಳಿತಿದ್ದ ಆಯಿ, ಮಲ್ಲಣ್ಣನ ತಾಯಿ ಶಿವಕಾಂತಮ್ಮ, ಏನೋ ಹೇಳಲು ಬಾಯಿ ತೆರೆದವಳು ಮಗನ ಮುಖ ನೋಡಿ ಜಪದ ಸರಕ್ಕೆ ಕೈ ಹಾಕಿದಳು. ಮಲ್ಲಣ್ಣ ಕೈ ತೊಳೆದು ಎದ್ದ. “ಗುರುವಾರದ ತನಕ ನೋಡ್ತೀನಿ. ಜನ ಕುಡಿಲಿಲ್ಲಂದ್ರ ಮಜರನ ಗಾಡಿ ಮತ್ತ ಬರ್ತದ. ಆಮ್ಯಾಲ ಈ ಮಾತು ಎತ್ತಂಗಿಲ್ಲ,” ಎಂದ. ಮಜರ್ ಕಲಬುರಗಿಯಿಂದ ಪಾಕೀಟಿನ ಗೋಣಿ ತಂದು ಇಳಿಸುವವನು.

ಅಂಬಿಕಾ ಆವತ್ತೇ ಅಟ್ಟ ಹತ್ತಿದಳು. ದೊಡ್ಡ ಹರವಿಗಳೆರಡು ಬೋರಲು ಬಿದ್ದಿದ್ದವು. ಅವುಗಳ ಪಕ್ಕ ಬಟ್ಟೆಯಲ್ಲಿ ಸುತ್ತಿಟ್ಟ ತಾಮ್ರದ ಸೌಟು. ಹಿಡಿಕೆ ಅವಳ ತೋಳಿಗಿಂತ ಉದ್ದ. ಅದನ್ನು ಕಂಡು ಅವಳಿಗೆ ಹಿಗ್ಗೇ ಆಯಿತು. ಇಷ್ಟುದ್ದದ ಹಿಡಿಕೆಯಿಂದ ಎತ್ತಿ ಹೊಯ್ದರೆ ಗಿಲಾಸಿನ ಗೊಡವೆಯೇ ಬೇಡ, ಯಾರ ಬಾಯಿ ಯಾವುದಕ್ಕೂ ತಾಗುವುದಿಲ್ಲ. ಅಪ್ಪನ ಕರೋನಾದ ಮಾತಿಗೆ ಅಜ್ಜನೇ ಉತ್ತರ ಇಟ್ಟು ಹೋಗಿದ್ದಾನೆ ಅನ್ನಿಸಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಸೌಟು ಹೊಸ ಮದುವೆಯ ಪಾತ್ರೆಯಂತೆ ಹೊಳೆಯಿತು.

ಪರೀಕ್ಷೆಯ ಓದಿಗೆಂದು ಆ ವಾರ ಕಾಲೇಜಿಗೆ ರಜೆ. ಸೋಮವಾರ ಹರವಿಗಳಿಗೆ ಒದ್ದೆ ಬಟ್ಟೆ ಸುತ್ತಿ, ಉಸುಕಿನ ಮೇಲೆ ಕೂರಿಸಿ, ಸೌಟು ಹಿಡಿದು ನಿಂತಳು. ಬಸ್ಸು ಬಂತು. ಹುಡುಗಿಯರು ಬಾಟಲಿ ಒಡ್ಡಿದರು, ಮುದುಕರು ಬೊಗಸೆ ಒಡ್ಡಿದರು. “ಮಣ್ಣಿನ ವಾಸನಿ ಬರಾಕತ್ತದ, ಎಷ್ಟ್ ವರ್ಷಾಗಿತ್ತು,” ಎಂದು ಒಬ್ಬಾಕೆ ಎರಡು ಸಲ ಕುಡಿದಳು. ಅಂಗಡಿಯೊಳಗಿಂದ ಮಲ್ಲಣ್ಣ ನೋಡುತ್ತಿದ್ದ.

ಆ ಹೊತ್ತಿಗೆ ಮಾಪಣ್ಣ ಬಂದ. ಕೆಂಪು ಬಾಳೆಯ ಗೊನೆಗಳನ್ನು ಬಸ್ಸಿಗೂ ಟೆಂಪೊಗೂ ಏರಿಸುವ ಹಮಾಲ, ವಯಸ್ಸು ಅರವತ್ತರ ಹತ್ತಿರ. ದಿನಾ ಬಂದು ತಾನೇ ಐಸಿನ ಪೆಟ್ಟಿಗೆಯಲ್ಲಿ ಕೈ ಹಾಕಿ ಎರಡು ಪಾಕೀಟು ತೆಗೆದು, ಒಂದು ಕುಡಿದು ಒಂದನ್ನು ನೆತ್ತಿಗೆ ಹಿಂಡಿಕೊಂಡು, “ನಿಮ್ಮಪ್ಪಗ ಹೇಳು, ನಾಳಿಂದ ಮಜ್ಜಿಗಿ ಪಾಕೀಟು ತರಸು ಅಂತ,” ಎಂದು ನಗಿಸಿ ಹೋಗುವವನು. ಇಂದು ಚಪ್ಪರದ ಅಂಚಿಗೆ ಬಂದವನು ಅವಳ ಕೈಯಲ್ಲಿದ್ದ ಸೌಟು ನೋಡಿ ನಿಂತುಬಿಟ್ಟ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಚಪ್ಪಲಿ ಹೊರಗೆ ಬಿಟ್ಟ. ಬಿಸಿಲಲ್ಲೇ ಬಾಗಿ, ಗದ್ದದ ಕೆಳಗೆ ಎರಡೂ ಕೈ ಜೋಡಿಸಿ ಒಡ್ಡಿದ.

“ಒಳಗ ಬರ್ರಿ ಕಾಕಾ, ನೆಳ್ಳಿಗೆ,” ಎಂದಳು ಅಂಬಿಕಾ.

ಮಾಪಣ್ಣ ಬರಲಿಲ್ಲ, ತಲೆ ಎತ್ತಲೂ ಇಲ್ಲ. ಅವಳು ಎತ್ತಿ ಹೊಯ್ದಳು. ಕುಡಿದು, ಟವೆಲ್ ಮತ್ತೆ ಸುತ್ತಿಕೊಳ್ಳದೆ ಹೊರಟುಹೋದ. ಅವತ್ತು ಮಜ್ಜಿಗೆಯ ಮಾತು ಬರಲಿಲ್ಲ. ಮಂಗಳವಾರ ಅವನು ಚಪ್ಪರದ ಕಡೆ ಸುಳಿಯಲಿಲ್ಲ. ಆಚೆಯ ಹೋಟೆಲಿನಲ್ಲಿ ಪಾಕೀಟು ಕೊಂಡು ಕುಡಿಯುತ್ತಿದ್ದುದು ಅವಳಿಗೆ ಕಂಡಿತು.

ಸಂಜೆ ಅವಳು ಆಯಿಯ ಹತ್ತಿರ ಹೋದಳು. “ಮಾಪಣ್ಣ ಕಾಕಾ ಬರೋದೇ ಬಿಟ್ರು. ನಾ ಏನ್ ತಪ್ಪು ಮಾಡ್ದೆ ಆಯಿ?”

ಶಿವಕಾಂತಮ್ಮ ಜಪದ ಸರ ಪಕ್ಕಕ್ಕಿಟ್ಟಳು. “ಹಿಡಿಕಿ ಯಾಕ ಅಷ್ಟುದ್ದ ಅದ ಅಂತ ಒಬ್ಬರನ್ನರ ಕೇಳ್ದೇನು ನೀ? ಉಳಿದವರಿಗೆಲ್ಲ ಗಿಲಾಸಿತ್ತು. ಆ ಸೌಟು ಅವರ ಓಣಿಯವರಿಗಷ್ಟೇ. ಮೈಲಿಗಿ ಆಗಬಾರದಂತ. ನಿಮ್ಮ ಮುತ್ಯಾ ದೊಡ್ಡ ಮನುಷ್ಯ, ಮುಂಜಾನೆದ್ದು ವಚನ ಹೇಳದ ನೀರು ಸೈತ ಮುಟ್ತಿರಲಿಲ್ಲ. ಆದ್ರ ನೀರು ಹೊಯ್ಯೋ ಮೊದಲ ಜಾತಿ ಕೇಳ್ತಿದ್ದ. ನಾನೂ ಅದೇ ಸೌಟಿಲೇ ಹೊಯ್ದೀನಿ. ಈ ಮಾಪಣ್ಣ ಆಗ ಇಷ್ಟಿದ್ದ.” ಆಯಿ ಕೈ ನೆಲದಿಂದ ಎರಡು ಮೊಳದಷ್ಟು ಎತ್ತರ ತೋರಿಸಿ ಹಾಗೇ ಇಳಿಸಿದಳು.

ಅಂಬಿಕಾಳಿಗೆ ಹುಣಸೆಹಣ್ಣಿನ ಹುಳಿ ಇನ್ನೂ ಬೆರಳ ಸಂದಿಯಲ್ಲಿ ಇದ್ದಂತೆನಿಸಿತು. ಮಲ್ಲಣ್ಣ ಬಾಗಿಲಲ್ಲಿ ಬಂದು ನಿಂತಿದ್ದ.

“ನೀ ಕೂಸಿದ್ದಾಗ ಪಾಕೀಟು ಬಂದ್ವು, ಆ ವರ್ಷ ನಾ ಎಷ್ಟು ಹಗುರಾದೆ ಅಂತ ನಿನಗ ಗೊತ್ತಿಲ್ಲ,” ಎಂದ. “ಎಲ್ಲಾರಿಗೂ ಒಂದೇ ಪಾಕೀಟು. ಯಾರನ್ನೂ ಏನೂ ಕೇಳೂ ಹಂಗಿಲ್ಲ. ಅಪ್ಪ ಮಾಡಿದ್ದು ತಪ್ಪು ಅಂತ ಬಾಯಿಬಿಟ್ಟು ಅನ್ನೋ ಹಂಗೂ ಇಲ್ಲ. ಹೊಗಿ ಏಳ್ತದ, ಖರೆ. ಆದ್ರ ಬಿಸಲಾಗ ನಿಂತು ಬೊಗಸಿ ಒಡ್ಡೋದಂತೂ ತಪ್ಪಿತ್ತು. ಗುರುವಾರ ಗಾಡಿ ತಗೊಂಡು ಬಾ ಅಂತ ಮಜರಗ ಹೇಳೀನಿ.”

ಪಾಕೀಟು ಬಂದರೆ ಹೊಗೆ, ಹರವಿ ಇದ್ದರೆ ಮಾಪಣ್ಣನ ಆ ಬಾಗಿದ ಬೆನ್ನು. ಬುಧವಾರ ಬೆಳಿಗ್ಗೆ ಅವಳು ಕಲಬುರಗಿಯ ಬಸ್ಸು ಹತ್ತಿದಳು. ಫೋನು ಮಾಡಿ ಕರೆದಿದ್ದ ಮದಿಹಾ ಮಾತಿನಂತೆ ನಡೆದೇ ಬಂದು, ನಿಲ್ದಾಣದಲ್ಲಿ ಬೆವರೊರೆಸಿಕೊಳ್ಳುತ್ತ ನಿಂತಿದ್ದಳು. ಇಬ್ಬರೂ ಗಾಜಿಪುರದ ಹತ್ತಿರ ರಸ್ತೆ ಬದಿಯ ಮಣ್ಣಿನ ಪಾತ್ರೆಯವರಲ್ಲಿ ಬುಡಕ್ಕೆ ತಿರುಗಿಸುವ ನಳ ಕೂಡಿಸಿದ ಹರವಿಗಳೆರಡನ್ನು ಆರಿಸಿದರು.

ನಡೆದದ್ದನ್ನೆಲ್ಲ ಕೇಳಿ ಮದಿಹಾ ನಗಲಿಲ್ಲ. “ನಳ ಇದ್ರ ಸೌಟು ಬ್ಯಾಡ, ಅದು ಖರೆ. ಆದ್ರ ಅವರು ಬರ್ತಾರೇನು?” ಎಂದಳು.

“ಗೊತ್ತಿಲ್ಲ.”

“ನೀ ಅವರಿಗೇ ಕೇಳೇ ಇಲ್ಲ ಅಲ್ಲ?”

ಬಸ್ಸಿನಲ್ಲಿ ತೊಡೆಯ ಮೇಲೊಂದು, ಕಾಲ ಸಂದಿಯಲ್ಲೊಂದು ಹರವಿ ಹಿಡಿದು ಕುಳಿತವಳಿಗೆ ದಾರಿಯುದ್ದಕ್ಕೂ ಆ ಪ್ರಶ್ನೆಯೇ ಕುಲುಕಾಡಿತು.

ಗುರುವಾರ ಹೊತ್ತೇರುವ ಮೊದಲೇ ಅವಳು ಗೊನೆಗಳ ರಾಶಿಯ ಬಳಿ ಹೋದಳು. ಮಾಪಣ್ಣ ಗೊನೆಗಳ ನಡುವೆ ಒಣಗಿದ ಎಲೆ ತುರುಕುತ್ತಿದ್ದ.

“ಕಾಕಾ, ನನಗ ಗೊತ್ತಿರಲಿಲ್ಲ.”

“ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಸಿಟ್ಟು ಬಂದದ್ದು ಈ ಕೈಗಳ ಮ್ಯಾಲ. ಇಷ್ಟು ವರ್ಷಾದ್ರೂ ಆ ಸೌಟು ಕಂಡ ಕೂಡ್ಲೇ ತಾವೇ ಬೊಗಸಿ ಆದವು.”

“ಸೌಟು ತಗದೀನಿ. ನಳದ ಹರವಿ ತಂದೀನಿ. ಯಾರು ಬೇಕಾದ್ರೂ ತಮ್ಮ ಬಾಟ್ಲಿಗೆ, ಗಿಲಾಸಿಗೆ ತಾವೇ ಹಿಡ್ಕೊಂಡು ಕುಡಿಬಹುದು.”

“ಛಲೋ ಆತು. ಹರವಿ ತುಂಬೋರು ಯಾರು?”

“ನಾನೇ.”

ಮಾಪಣ್ಣ ಎಲೆಯ ಕಟ್ಟು ಕೆಳಗಿಟ್ಟ. “ಹಂಗಾರ ಕೊಡೋರು ನೀವೇ, ತಗೊಳ್ಳೋರು ನಾವೇ. ಸೌಟು ಹೋಗಿ ನಳ ಬಂತು, ಇಷ್ಟೇ. ನಾ ತುಂಬ್ತೀನಿ ಅಂದ್ರ? ಕೈ ಹಾಕಿ ತಿಕ್ಕಿ ತೊಳದು ನಾ ತುಂಬಿದ ನೀರು ನಿಮ್ಮಪ್ಪ ಕುಡಿತಾರೇನು?”

ಅವಳು ಅಂಗಡಿಯ ಕಡೆ ನೋಡಿದಳು.

“ನನಗ ಗೊತ್ತಿಲ್ಲ ಕಾಕಾ. ಅವರು ಕುಡಿಲಿಲ್ಲಂದ್ರ ನಾಳಿಂದ ನಾನೂ ಆ ಚಪ್ಪರದಾಗ ನಿಲ್ಲಂಗಿಲ್ಲ. ಪಾಕೀಟು ಇರಲಿ, ಹರವಿ ಇರಲಿ.”

ಮಾಪಣ್ಣ ಕೈಯ ಧೂಳು ಕೊಡವಿದ. “ನಿಮ್ಮ ಕಾಲೇಜಿನಾಗ ಜಗಳ ಹಚ್ಚೋದೂ ಕಲಸ್ತಾರ ಕಾಣ್ತದ,” ಎಂದು ಟವೆಲ್ ಬಿಗಿದುಕೊಂಡು ಎದ್ದ.

ಅವನು ಚಪ್ಪರದ ಒಳಗೇ ಬಂದ. ಹರವಿ ಬಾಗಿಸಿ, ತೋಳುದ್ದ ಕೈ ಹಾಕಿ ತೆಂಗಿನ ನಾರಿನಿಂದ ಒಳಗೆಲ್ಲ ತಿಕ್ಕಿ ತೊಳೆದ. ಎದುರಿನ ಬೀದಿಯ ನಳದಿಂದ ಕೊಡ ಹೊತ್ತು ತಂದು ಒಂದಾದ ಮೇಲೊಂದು ಸುರಿದ. ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದವರು ಇತ್ತ ತಿರುಗಿದರು. ಬೆಲ್ಲ ಕಟ್ಟಿಸಿಕೊಳ್ಳುತ್ತಿದ್ದ ಒಬ್ಬ ಹಿರಿಯ ದನಿ ತಗ್ಗಿಸಿ, “ಮಲ್ಲಣ್ಣೋರ, ಇದೇನು ನಡದದ? ನಾಳೆ ನಮ್ಮವರು ಯಾರು ಮುಟ್ತಾರ ಈ ನೀರು?” ಎಂದ.

ಮಲ್ಲಣ್ಣ ಬೆಲ್ಲದ ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಇದ್ದ. ಬೇಕಾದುದಕ್ಕಿಂತ ಹೆಚ್ಚು ಸುತ್ತಿದ. ಅಷ್ಟರಲ್ಲಿ ಮಜರನ ಗಾಡಿಯೂ ಬಂದು ಚಪ್ಪರದ ಪಕ್ಕ ನಿಂತಿತು. ಹಿಂದೆ ಪಾಕೀಟಿನ ಗೋಣಿಗಳು ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದವು.

“ಸಾವಕಾರ್, ಮಾಲು ಇಳಸ್ಲೇನು?”

ಮಲ್ಲಣ್ಣ ಪೊಟ್ಟಣವನ್ನು ಆ ಹಿರಿಯನ ಕೈಗಿಟ್ಟ. ಮೆಟ್ಟಿಲು ಇಳಿದು ಬಂದ. ಮಾಪಣ್ಣ ಹರವಿಯ ಪಕ್ಕ ಕೈಗಳನ್ನು ಕೆಳಗೆ ಬಿಟ್ಟು ನೆಟ್ಟಗೆ ನಿಂತಿದ್ದ, ತೋಳಿನಿಂದ ನೀರಿಳಿಯುತ್ತಿತ್ತು. ಅಂಬಿಕಾ ಅಪ್ಪನ ಮುಖ ನೋಡಲಾಗದೆ ಅವನ ಪಾದಗಳನ್ನು ನೋಡಿದಳು. ಪಾದಗಳು ಹರವಿಯ ಮುಂದೆ ಬಂದು ನಿಂತವು. ನಳ ತಿರುಗಿದ ಸಪ್ಪಳ, ಸ್ಟೀಲಿನ ಗಿಲಾಸು ತುಂಬಿದ ಸಪ್ಪಳ ಕೇಳಿತು. ಆಮೇಲೆ ಗುಟುಕು ಗುಟುಕಾಗಿ, ಅವಸರವಿಲ್ಲದೆ ಕುಡಿದದ್ದು ಕೇಳಿತು. ಅವಳು ತಲೆ ಎತ್ತಿದಾಗ ಮಲ್ಲಣ್ಣ ಎರಡನೆಯ ಸಲ ನಳಕ್ಕೆ ಗಿಲಾಸು ಹಿಡಿದಿದ್ದ.

ಬೆಲ್ಲದ ಹಿರಿಯ ಹೊರಟು ಹೋದ. ಅವನನ್ನು ಯಾರೂ ಕರೆಯಲಿಲ್ಲ.

“ಮಜರ್, ವಾಪಸ್ ಒಯ್ಯಪ್ಪಾ,” ಎಂದ ಮಲ್ಲಣ್ಣ ಬಾಯಿ ಒರೆಸಿಕೊಳ್ಳುತ್ತ. “ಹೋಗೋ ಮೊದಲ ಒಂದ್ ಗಿಲಾಸು ಕುಡದು ಹೋಗು.”

ಕಲಬುರಗಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿದಾಗ ಮಲ್ಲಣ್ಣ ಹರವಿಗಳನ್ನು ನೋಡಿ, ಮಾಪಣ್ಣನನ್ನು ನೋಡಿದ. “ಈ ಬಿಸಲಿಗೆ ಎರಡು ಹರವಿ ಮಧ್ಯಾಹ್ನದ ತನಕ ಬರಂಗಿಲ್ಲ. ಮತ್ತೊಮ್ಮೆ ತುಂಬಬೇಕಾಗ್ತದ. ಇರ್ತೀಯೇನು ಮಾಪಣ್ಣ?”

ಮಾಪಣ್ಣ ಖಾಲಿ ಕೊಡ ಅವನ ಮುಂದಿಟ್ಟ. “ನೀವೂ ಒಂದ್ ಕೊಡ ತರ್ರಿ ಸಾವಕಾರ್ರ, ಇರ್ತೀನಿ.”

ಮಲ್ಲಣ್ಣ ಗಲ್ಲಾ ಪೆಟ್ಟಿಗೆಯ ಕೀಲಿಯನ್ನು ಒಳಗಿದ್ದ ತಾಯಿಗೆ ಕೊಟ್ಟು ಬಂದು, ಧೋತರ ಎತ್ತಿಕಟ್ಟಿ, ಕೊಡ ಹಿಡಿದು ಬೀದಿಯ ನಳದ ಕಡೆ ನಡೆದ.